ಹೆಬ್ಬೆರಳಿನಿಂದ ಗಾದಿ ಆರಿಸಿದ ರಘೂತ್ತಮರಾಯರು

ನಮ್ಮ ಭಾವ ರಘೂತ್ತಮರಾಯರ ಮನೆಯಲ್ಲಿ ಮುರಿದ ವಸ್ತು ಒಂದೂ ಇಲ್ಲ. ಮೈಗೆ ಹಿತವಾದ ವಸ್ತುವೂ ಒಂದಿಲ್ಲ. ಸೇಡಂನ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಮನುಷ್ಯ ತಮ್ಮ ಆಯುಷ್ಯದಲ್ಲಿ ಏನು ಕೊಂಡರೂ ಅಂಗಡಿಯವರಿಗೆ ಕೇಳಿದ್ದು ಒಂದೇ ಪ್ರಶ್ನೆ: "ಬಾಳಿಕಿ ಬರ್ತದೇನು?" ಬಾಳಿಕೆ ಬಂತು. ಅವರ ಕೊಡೆ ಬಿಚ್ಚಲು ಇಬ್ಬರು ಬೇಕು. ಬಿಚ್ಚುವಷ್ಟರಲ್ಲಿ ಮಳೆ ನಿಂತಿರುತ್ತದೆ. ಅವರ ಚಪ್ಪಲಿ ಕಾಲನ್ನು ಸವೆಸಿತೇ ಹೊರತು ತಾನು ಸವೆಯಲಿಲ್ಲ. ಅಡುಗೆಮನೆಯ ಹಿತ್ತಾಳೆ ಕೊಳಗ ಎಷ್ಟು ಗಟ್ಟಿಯೆಂದರೆ, ತುಂಬಿದ ಮೇಲೆ ಅದನ್ನು ಎತ್ತುವುದು ನನ್ನ ಅಕ್ಕನ ಪಾಲಿಗೆ ಬಂತು, ಗಟ್ಟಿ ಎಂದು ಹೊಗಳುವುದು ಭಾವನ ಪಾಲಿಗೆ ಬಂತು.

ಅಕ್ಕ ಎಂದರೆ ಜಾನಕೀಬಾಯಿ, ಭಾವನ ಹೆಂಡತಿ. ನಾನು ಅವಳ ತಮ್ಮ ಹನುಮಂತ. ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತ, ಇಡೀ ಬಳಗದಲ್ಲಿ ಕಾರಿರುವ ಒಬ್ಬನೇ ಬಡಪಾಯಿ. ಕಾರಿದ್ದವನಿಗೆ ಸ್ವಂತದ ಭಾನುವಾರ ಇರುವುದಿಲ್ಲ. ಭಾವನ ಬಗ್ಗೆ ಹೀಗೆಲ್ಲ ಬರೆಯಬಹುದೇ ಎಂದು ಮೂಗು ಮುರಿಯುವವರು ಮೊದಲು ಅವರ ಮನೆಯ ಹಾಸಿಗೆಯ ಮೇಲೆ ಒಂದು ಮಧ್ಯಾಹ್ನ ಮಲಗಿ ಎದ್ದು ಬರಲಿ, ಏಳಲು ಆದರೆ.

ಆ ಹಾಸಿಗೆಯ ಕಥೆ ಹೀಗಿದೆ. ಸೇಡಂನಲ್ಲಿ ಮನೆ ಕಟ್ಟಿಸಿದಾಗ ನೆಲಕ್ಕೆ ಹಾಕಿ ಉಳಿದ ಎರಡು ದೊಡ್ಡ ಫರಸಿಗಳು, ಅಂದರೆ ಶಹಾಬಾದಿನ ಚಪ್ಪಡಿ ಕಲ್ಲುಗಳು, ಅಂಗಳದಲ್ಲಿ ಬಿದ್ದಿದ್ದವು. ಒಂದು ಮಂಚ ತರೋಣ ಎಂದು ಅಕ್ಕ ಅಂದಳು. ಭಾವ ಯೋಚಿಸಿದರು. ಕಟ್ಟಿಗೆಗೆ ಒರಲೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕಲ್ಲಿಗೆ ಏನು ಹಿಡಿಯುತ್ತದೆ? ಮಲಗುವ ಕೋಣೆಯಲ್ಲಿ ಇಟ್ಟಿಗೆಯ ಗಿಡ್ಡ ಗೋಡೆ ಎಬ್ಬಿಸಿ, ಅದರ ಮೇಲೆ ಎರಡೂ ಫರಸಿ ಕೂಡಿಸಿ, ಸಿಮೆಂಟು ಮೆತ್ತಿಸಿ, "ಮೊಮ್ಮಕ್ಕಳ ಕಾಲಕ್ಕೂ ಅಲುಗಾಡಂಗಿಲ್ಲ ನೋಡು" ಅಂದರು. ಅಲುಗಾಡಲಿಲ್ಲ. ಮೊಮ್ಮಕ್ಕಳು ಊರಿಗೆ ಬಂದಾಗ ಅದರ ಮೇಲೆ ಮಲಗಲು ಒಪ್ಪದೆ ನೆಲದ ಮೇಲೆ ಚಾಪೆ ಹಾಸಿಕೊಳ್ಳುತ್ತಾರೆ.

ಕಲ್ಲಿನ ಮೇಲೆ ಹಾಸಿದ್ದು ಮದುವೆಯ ಗಾದಿ. ನಮ್ಮ ಅಪ್ಪ ಮನೆಗೇ ಪಿಂಜಾರರನ್ನು ಕರೆಸಿ, ಹತ್ತಿ ಪಿಂಜಿಸಿ, ಮಗಳಿಗಾಗಿ ಹೊಲಿಸಿ ಕೊಟ್ಟದ್ದು. ಆಗ ಅದು ಗಾದಿಯೇ ಆಗಿತ್ತು. ಈಗ ಅದರೊಳಗಿನ ಹತ್ತಿ ಗಂಟುಗಂಟಾಗಿ ಒಂದು ಮಗ್ಗುಲಿಗೆ ಸರಿದಿದೆ. ಯಾವ ಮಗ್ಗುಲಿಗೆ ಎಂದು ಕೇಳಬೇಕಾಗಿಲ್ಲ, ಭಾವನ ಮಗ್ಗುಲಿಗೆ. ಒಮ್ಮೆ ಅದನ್ನು ಬಿಸಿಲಿಗೆ ಹಾಕಲು ನಾನೇ ಎತ್ತಿದಾಗ ಕೆಳಗಿನ ಕಲ್ಲು ನೋಡಿದೆ. ಎರಡು ಫರಸಿಗಳ ಸಂದು ನಟ್ಟನಡುವೆ ಇಲ್ಲ, ಅಕ್ಕನ ಕಡೆಗಿದೆ. ಒಂದು ಕಲ್ಲು ಇನ್ನೊಂದಕ್ಕಿಂತ ಬೆರಳಿನಷ್ಟು ಮೇಲೆದ್ದಿದೆ. ಆ ಏಣಿನ ಮೇಲೆ, ತೆಳ್ಳಗಾದ ಬಟ್ಟೆಯಷ್ಟೇ ಅಡ್ಡ ಇಟ್ಟುಕೊಂಡು, ನನ್ನ ಅಕ್ಕ ಇಷ್ಟು ವರ್ಷ ಸೊಂಟ ಇಟ್ಟು ಮಲಗಿದ್ದಾಳೆ.

ಸೊಂಟ ಕಲ್ಲಲ್ಲವಲ್ಲ, ಕೈಕೊಟ್ಟಿತು. ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಅವಳಿಗೆ ಬಗ್ಗಿ ರಂಗೋಲಿ ಹಾಕಲು ಆಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಲಗಲೂ ಆಗಲಿಲ್ಲ. ಗೋಡೆಗೆ ಒರಗಿ ಕೂತು, ಕೂತಲ್ಲೇ ತೂಕಡಿಸಿ ಬೆಳಗು ಮಾಡುತ್ತಿದ್ದಳು. ನಾನು ಸೇಡಂನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಮಲಗುವ ಜಾಗದ ವರ್ಣನೆ ಕೇಳಿ ಪೆನ್ನು ಕೆಳಗಿಟ್ಟರು.

"ಬಾಯಾರ, ಗುಳಿಗಿ ಬರದು ಕೊಡ್ತೀನ್ರಿ. ಆದ್ರ ಆ ಕಲ್ಲಿನ ಮ್ಯಾಲ ಮಲಗೂತನಕ ಗುಳಿಗಿಗೂ ಕೆಲಸಿಲ್ಲ. ಮೊದಲು ಒಂದು ಛಲೋ ಗಾದಿ ತರಸ್ರಿ. ಹಿಂಗೇ ಬಿಟ್ರ ನಾಳಿ ಏಳೂದೇ ಕಠಿಣ ಆಗ್ತದ."

ಮನೆಗೆ ಬಂದು ಹೇಳಿದಾಗ ಭಾವ ಜೋರಾಗಿ ನಕ್ಕರು.

"ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ ಬರ್ತದ. ನಾನೂ ಅದೇ ಕಲ್ಲಿನ ಮ್ಯಾಲೇ ಮಲಗ್ತೀನಲ್ಲ, ನನಗೇನಾಗ್ಯದ? ನನಗ ಹಳೇ ಗಾದಿ ಭೇಷ್ ಅದ."

ಹತ್ತಿಯೆಲ್ಲ ತನ್ನ ಕಡೆ ಇರುವವನಿಗೆ ಭೇಷ್ ಇರದೆ ಏನು. ನಾನು ಜಗಳ ತೆಗೆದೆ. ಮನೆಯಲ್ಲಿ ಜಗಳವಾಡಿದರೆ ಭಾವ ಬಗ್ಗುವವರಲ್ಲ. ಅದಕ್ಕೆ ಗುಡಿಯ ಕಟ್ಟೆಯ ಮೇಲೆ, ಅವರ ಗೆಳೆಯರೆಲ್ಲ ಕೂತಾಗ, "ನಮ್ಮ ಅಕ್ಕ ಕೂತೇ ನಿದ್ದಿ ಮಾಡ್ತಾಳ್ರಿ, ಮಲಗಲಿಕ್ಕೆ ಗಾದಿ ಇಲ್ಲ" ಎಂದು ಕೂಗಿ ಹೇಳಿದೆ. ಮರ್ಯಾದೆಯ ಪ್ರಶ್ನೆ ಬಂತು. ಭಾವ ಒಪ್ಪಿದರು.

"ತಗೊಳ್ಳೋಣು. ಯಾರು ಬ್ಯಾಡ ಅಂದಾರ? ಆದ್ರ ನೋಡಿ ತಗೋಬೇಕು."

ಆ 'ನೋಡಿ' ಅನ್ನುವುದರಲ್ಲಿ ಎಷ್ಟು ತಿಂಗಳು ಅಡಗಿದ್ದವೆಂದು ಆಗ ನನಗೆ ಗೊತ್ತಾಗಲಿಲ್ಲ.

ಭಾವ ಗಾದಿ ನೋಡುವುದು ಹೆಬ್ಬೆರಳಿನಿಂದ. ಮಾವಿನಹಣ್ಣು ಒತ್ತುವ ಹಾಗೆ ಮೂಲೆಯಲ್ಲಿ ಒಮ್ಮೆ ಒತ್ತುತ್ತಾರೆ. ಬಿದ್ದ ತಗ್ಗು ಮೇಲೇಳುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನಂತರ ಬಗ್ಗಿ ಮೂಸುತ್ತಾರೆ. ಹೊಲಿಗೆಯ ಒಂದು ಎಳೆ ಜಗ್ಗುತ್ತಾರೆ. ಆಮೇಲೆ "ಇದರೊಳಗ ಏನದ?" ಎಂದು ವಿಚಾರಣೆ ಶುರು. ಮಲಗಿ ಮಾತ್ರ ನೋಡುವುದಿಲ್ಲ. ತಾವೂ ಮಲಗುವುದಿಲ್ಲ, ಅಕ್ಕನನ್ನೂ ಮಲಗಗೊಡುವುದಿಲ್ಲ.

ಯಾಕೆಂದರೆ ಮಡಿ. ನಮ್ಮ ವೈಷ್ಣವರ ಮನೆಗಳಲ್ಲಿ ಸ್ನಾನ ಮಾಡಿ ಮಡಿಯುಟ್ಟವರು ಹಾಸಿಗೆ ಮುಟ್ಟುವುದಿಲ್ಲ. ಮಲಗಿದ ಹಾಸಿಗೆ ಮೈಲಿಗೆ, ಮುಟ್ಟಿದರೆ ಮತ್ತೆ ಸ್ನಾನ. ಸ್ವಂತ ಹಾಸಿಗೆಯದೇ ಈ ಪಾಡಾದರೆ ಊರ ಮಂದಿಯೆಲ್ಲ ಮಲಗಿ ನೋಡಿ ಎದ್ದ ಅಂಗಡಿಯ ಗಾದಿಯ ಮಾತೇನು? ಇದು ಭಾವನ ವಾದ. ಅವರ ಮನೆಯಲ್ಲಿ ಬೆಳಗಿನ ಜಾವಕ್ಕೆದ್ದು ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಮಡಿಯ ಅಡುಗೆ ಮಾಡುವವಳು ಅಕ್ಕ. ಮಡಿಯ ವಕೀಲಿಕೆ ಮಾತ್ರ ಭಾವನದು. ಅವರಿಗೆ ಶಾಸ್ತ್ರ ನೆನಪಾಗುವುದು ಇನ್ನೊಬ್ಬರಿಗೆ ಸುಖವಾಗುವ ಲಕ್ಷಣ ಕಂಡಾಗ.

ಮೊದಲು ಸೇಡಂನ ಅಂಗಡಿಗಳು. ಅಲ್ಲಿ ಗಾದಿ ನೋಡುವ ಮೊದಲೇ ಅಂಗಡಿಯವರು ತಿರಸ್ಕೃತರಾದರು, ಯಾಕೆಂದರೆ ಎಲ್ಲರೂ ಅವರ ಶಿಷ್ಯರು.

"ಅವ ನನ್ನ ಕೈಯಾಗ ಗಣಿತದಾಗ ಫೇಲ್ ಆದವ. ಆರಿಂಚು ದಪ್ಪ ಅಂತಾನ. ನಾ ಹೆಂಗ ನಂಬಲಿ?" ಎಂದು ಒಂದು ಅಂಗಡಿಯಿಂದ ಇಳಿದರು. ಪಕ್ಕದ ಅಂಗಡಿಯವನು ವರ್ಗಕ್ಕೇ ಮೊದಲಿಗನಾಗಿದ್ದವನು. ಅಲ್ಲಿಂದಲೂ ಇಳಿದರು. "ಇಷ್ಟು ಶಾಣ್ಯಾ ಹುಡುಗ ಗಾದಿ ಮಾರಲಿಕ್ಕೆ ಕೂತಾನ ಅಂದ್ರ ಏನೋ ಮೋಸ ಇರಬೇಕು."

ಹೀಗೆ ಫೇಲಾದವರೂ ಪಾಸಾದವರೂ ಒಂದೇ ದಿನ ಮುಗಿದರು. ಮುಂದಿನ ಭಾನುವಾರ ಚಿತ್ತಾಪುರಕ್ಕೆ ಬಂದರು. ನನ್ನ ಪರಿಚಯದ ರತ್ನದೀಪನ ಅಂಗಡಿಗೆ ಕರೆದೊಯ್ದೆ. ರತ್ನದೀಪ ತಾಳ್ಮೆಯ ಮನುಷ್ಯ. ಅದಕ್ಕೇ ಅವನನ್ನು ಆರಿಸಿದ್ದೆ. ಗಾದಿಗಳನ್ನು ಒಂದೊಂದಾಗಿ ಇಳಿಸಿ ತೋರಿಸಿದ. ಭಾವ ಒತ್ತಿದರು, ಮೂಸಿದರು, ಜಗ್ಗಿದರು.

"ಸರ್, ಇದಕ್ಕ ಹತ್ತು ವರ್ಷ ಗ್ಯಾರಂಟಿ ಅದರಿ," ಅಂದ ರತ್ನದೀಪ.

"ಹನ್ನೊಂದನೇ ವರ್ಷ ಏನಾಗ್ತದ?"

"ಅಷ್ಟೊತ್ತಿಗೆ ಹೊಸಾದು ತಗೋಬಹುದ್ರಿ ಸರ್."

"ಅಂದ್ರ ಇದು ಕೆಡ್ತದ ಅಂತ ನೀವೇ ಒಪ್ಕೊಂಡ್ರಿ."

ರತ್ನದೀಪ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಅವನು ಕೊನೆಯ ಪ್ರಯತ್ನವಾಗಿ, "ಅಮ್ಮಾರು ಒಮ್ಮೆ ಮಲಗಿ ನೋಡ್ಲಿರಿ, ಗೊತ್ತಾಗ್ತದ" ಅಂದ. ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಭಾವ ಕೈ ಅಡ್ಡ ಹಿಡಿದರು. ಅಕ್ಕ ಹೆಜ್ಜೆ ಹಿಂದೆ ತೆಗೆದುಕೊಂಡಳು. ಆ ಅಂಗಡಿಯಲ್ಲಿ ಅವಳು ಮಾಡಿದ ಕೆಲಸ ಅಷ್ಟೇ.

ವಾಡಿಗೆ ಹೋದದ್ದು ಭಾವನದೇ ಬುದ್ಧಿ. ದೊಡ್ಡ ಜಂಕ್ಷನ್ ಇರುವ ಊರು, ನಾಲ್ಕು ದಿಕ್ಕಿನ ಮಾಲು ಬರುತ್ತದೆ ಎಂದರು. ಅಂಗಡಿಯವನ ಮುಂದೆ ಕೂತು ತಮ್ಮ ಆಸೆಯನ್ನು ಬಿಚ್ಚಿಟ್ಟರು. "ನೋಡ್ರಿ, ರೈಲಿನ ಬರ್ತ್ ಇರ್ತದಲ್ಲ? ಎಷ್ಟು ಸಾವಿರ ಮಂದಿ ಮಲಗ್ತಾರ, ಕೂಡ್ತಾರ, ಮ್ಯಾಲ ಟ್ರಂಕು ಇಡ್ತಾರ. ಏನರೇ ಆಗ್ತದೇನು ಅದಕ್ಕ? ಅಂಥಾದ್ದು ಒಂದು ಗಾದಿ ಬೇಕು."

ಅಂಗಡಿಯವನು ಎದ್ದು ನಿಂತು ಬಹಳ ವಿನಯದಿಂದ ಬಾಗಿಲ ಕಡೆ ಕೈ ತೋರಿಸಿದ. "ಟೇಷನ್ ಅಲ್ಲೇ ಹಿಂದ ಅದರಿ ಸಾಹೇಬ್ರ. ಟಿಕೆಟ್ ತಗೊಂಡ್ರ ಬರ್ತ್ ಸಿಗ್ತದ."

ಇದನ್ನು ಅವಮಾನವೆಂದು ಭಾವ ತಿಳಿಯಲಿಲ್ಲ. ಅಂಗಡಿಯವನಿಗೆ ಬಾಳಿಕೆಯ ತಿಳಿವಳಿಕೆ ಇಲ್ಲ ಎಂದಷ್ಟೇ ತಿಳಿದರು. ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ಬೆನ್ನಿಗೆ ಶಾಲು ಮಡಚಿಟ್ಟುಕೊಂಡು, ತಗ್ಗು ಬಂದಾಗಲೆಲ್ಲ ಮೇಲಿನ ಹಿಡಿಕೆಗೆ ಜೋತುಬೀಳುತ್ತಿದ್ದಳು. ಗಾದಿ ಹುಡುಕುವ ತಿರುಗಾಟದಲ್ಲೇ ಅವಳ ಸೊಂಟ ಅರ್ಧ ಹೋಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ.

ಶಹಾಬಾದಿಗೆ ಹೋದಾಗ ಭಾವನ ಮುಖ ಅರಳಿತು. ತಮ್ಮ ಹಾಸಿಗೆಯ ತವರೂರಲ್ಲವೇ? ದಾರಿಯುದ್ದಕ್ಕೂ ಪೇರಿಸಿಟ್ಟ ಫರಸಿಗಳನ್ನು ನೋಡಿ, "ಇದರ ಮುಂದ ಯಾವ ಗಾದಿ ನಿಲ್ತದ?" ಎಂದು ನಿಟ್ಟುಸಿರು ಬಿಟ್ಟರು. ಅಂಗಡಿಯ ಮಾಲೀಕ ಹಾಜಿಮಲಂಗ್ ಉತ್ಸಾಹದ ಮನುಷ್ಯ. ಭಾವ ಹೆಬ್ಬೆರಳು ಎತ್ತುವಷ್ಟರಲ್ಲಿ ಅವನು ಗಲ್ಲಾದ ಹಿಂದಿನಿಂದ ಏನನ್ನೋ ತಂದು, ತಲೆಯೆತ್ತರಕ್ಕೆ ಹಿಡಿದು, ಫೋಮಿನ ಗಾದಿಯ ಮೇಲೆ ಕೈಬಿಟ್ಟ.

"ನೋಡ್ರಿ ಸಾಹೇಬ್ರ! ಅಂಡಾ ಒಡೆಯಂಗಿಲ್ಲ! ಅಷ್ಟು ಮೆತ್ತಗ ಅದ!"

ತತ್ತಿ ಒಡೆಯಲಿಲ್ಲ, ಗಾದಿಯ ಮೇಲೆ ಒಮ್ಮೆ ಪುಟಿದು ಉರುಳುತ್ತ ಭಾವನ ಪಂಚೆಯ ಅಂಚಿನವರೆಗೂ ಬಂತು. ಒಡೆದದ್ದು ಭಾವನ ಧೈರ್ಯ. ಹಾರಿ ಹಿಂದೆ ಸರಿದು ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ತತ್ತಿ! ಮಲಗೋ ಗಾದಿ ಮ್ಯಾಲ ತತ್ತಿ!" ಎಂದು ಕೂಗಿದರು. ಪಾಪ, ಹಾಜಿಮಲಂಗನಿಗೆ ನಾಚಿಕೆಯಾಯಿತು. "ಮಾಫ್ ಮಾಡ್ರಿ, ಗೊತ್ತಾಗ್ಲಿಲ್ಲ. ಟಮಾಟಿ ಹಾಕಿ ತೋರಿಸ್ಲೇನ್ರಿ?" ಅಂದ. ಅಷ್ಟರಲ್ಲಿ ಭಾವ ಕಾರಿನಲ್ಲಿ ಕೂತು ಗಾಜು ಏರಿಸಿಯಾಗಿತ್ತು.

ಅವತ್ತು ವಾಪಸು ಬರುವಾಗ ಹಿಂದಿನ ಸೀಟಿನಿಂದ ಅಕ್ಕ ಮೆಲ್ಲಗೆ ಅಂದಳು. "ಹಣಮಂತಾ, ಇನ್ನ ಸಾಕಪ್ಪ. ನನಗ ಗಾದಿ ಬ್ಯಾಡ. ನನ್ನಿಂದ ತಿರಗಲಿಕ್ಕೆ ಆಗೂದಿಲ್ಲ."

ಭಾವ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ಕೇಳಿದ್ಯಲ್ಲ? ಆಕಿನೇ ಬ್ಯಾಡ ಅಂದ್ಲು. ಹಳೇದನ್ನೇ ಪಿಂಜಿಸಿದ್ರ ಆತು."

ನನಗೆ ಮೈಯೆಲ್ಲ ಉರಿಯಿತು. ಕಾರು ನಿಲ್ಲಿಸಿ ಇಳಿಸಿಬಿಡಬೇಕು ಅನ್ನಿಸಿತು. ಭಾವನಿಗೆ ಸಂಬಂಧದ ಮರ್ಯಾದೆ ಕೊಡಬೇಕಲ್ಲ, ಕೊಟ್ಟೆ. ಗೇರನ್ನು ಮಾತ್ರ ಕಿತ್ತುಬರುವ ಹಾಗೆ ಎಳೆದೆ. ಪಿಂಜಾರರು ಸಿಗಲಿಲ್ಲ, ಹಳೇದನ್ನು ಪಿಂಜಿಸಲೂ ಇಲ್ಲ. ಬೇಸಿಗೆ ಬಂತು. ಅಕ್ಕ ಕೂತೇ ಇದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತು, ಮಾತಿನ ನಡುವೆ ಮಾತು ಮರೆಯತೊಡಗಿದಳು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಿಂತು ಯೋಚಿಸುತ್ತಿದ್ದಳು. ಉಪ್ಪು ಹೆಚ್ಚಾಯಿತೆಂದು ಭಾವ ದೂರಿದರು.

ಆ ಸಲ ಚಿಂಚೋಳಿಯಲ್ಲಿ ಬಳಗದವರ ಮನೆಯ ಮುಂಜಿವೆ ಇತ್ತು. ಊಟ ಮುಗಿಸಿ ಮೂವರೂ ಹೊರಟೆವು. ಚಿಂಚೋಳಿಗೆ ಅಂಟಿಕೊಂಡೇ ಇರುವ ಚಂದಾಪುರದಲ್ಲಿ ಅವತ್ತು ಸಂತೆ. ರಸ್ತೆಯ ಎರಡೂ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬಕೀಟು, ಬಳೆ, ಮೈಕಿನ ಕೂಗಾಟ. ಅಲ್ಲೊಂದು ಗಾದಿ ಅಂಗಡಿ ಕಂಡಿತು. ಎಂಜಿನ್ ಕಾದಿದೆ, ಸ್ವಲ್ಪ ಹೊತ್ತು ನಿಲ್ಲಿಸಬೇಕು ಎಂದು ಸುಳ್ಳು ಹೇಳಿ ಕಾರನ್ನು ಅದರ ಮುಂದೆಯೇ ನಿಲ್ಲಿಸಿದೆ. ನೆರಳಿಗೆಂದು ಎಲ್ಲರೂ ಒಳಗೆ ಹೋದೆವು. ಗಾದಿ ಕಂಡ ಮೇಲೆ ಭಾವನ ಹೆಬ್ಬೆರಳು ಸುಮ್ಮನಿರಬೇಕಲ್ಲ!

ಅಂಗಡಿ ನಡೆಸುವವಳು ಫಿರ್ದೋಸ್ ಎಂಬ ಹೆಣ್ಣುಮಗಳು. ಅವಳ ಅಜ್ಜ ಊರೂರು ತಿರುಗಿ ಹತ್ತಿ ಪಿಂಜುತ್ತಿದ್ದರಂತೆ. ಇವಳು ಫೋಮು ಮಾರುತ್ತಾಳೆ, ಮಾತನ್ನು ಮಾತ್ರ ಅಜ್ಜನ ಹಾಗೆಯೇ ಪಿಂಜುತ್ತಾಳೆ. ಎಲ್ಲ ಗಾದಿಯೂ ಎಲ್ಲಕ್ಕಿಂತ ಛಲೋ ಎಂದು ಒಂದೇ ಉಸಿರಿನಲ್ಲಿ ಹೇಳುವ ಚಾಲಾಕಿ. ಭಾವನಿಗೆ ಸರಿಯಾದ ಜೋಡಿ ಸಿಕ್ಕಿತು.

"ಇದರೊಳಗ ಏನದ?"

"ತೆಂಗಿನ ನಾರು ಅದರಿ ಸರ್."

"ತೆಂಗಿನಕಾಯಿ ದೇವರ ವಸ್ತು. ಅಂದ್ರ ಇದು ಮಡಿಗೆ ಆಗ್ತದ. ಆದ್ರ ದೇವರ ವಸ್ತುವಿನ ಮ್ಯಾಲ ಕಾಲು ಇಡಬಹುದೇನು?"

"ಇಡಬ್ಯಾಡ್ರಿ ಸರ್. ಇದು ನೋಡ್ರಿ, ರಬ್ಬರಿಂದು."

"ರಬ್ಬರ್ ಅಂದ್ರ ಗಿಡದ ಹಾಲು. ಹಾಲಿಗೆ ಮೈಲಿಗಿ ಇರೂದಿಲ್ಲ. ಆದ್ರ ಹಾಲು ಕೆಡ್ತದ. ಬಾಳಿಕಿ?"

ಫಿರ್ದೋಸ್ ಸೋಲುವವಳಲ್ಲ, ಭಾವ ಕೊಳ್ಳುವವರಲ್ಲ. ಆ ವಾಗ್ವಾದ ನೋಡುತ್ತ ನಿಂತ ನಾನೂ ಅಕ್ಕನನ್ನು ಮರೆತೆ. ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಕೂರಲು ಕುರ್ಚಿ ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಮಾದರಿಗೆಂದು ಮಂಚದ ಮೇಲೆ ಒಂದು ಗಾದಿ ಹಾಸಿಟ್ಟಿದ್ದರು. ಅವಳು ಅದರ ತುದಿಗೆ ಕೂತಳು. ಆಮೇಲೆ ಒಂದು ಕೈ ಊರಿದಳು. ಆಮೇಲೆ ಯಾರೂ ನೋಡದ ಹೊತ್ತಿನಲ್ಲಿ ಒಂದು ಮಗ್ಗುಲಾಗಿ ಉರುಳಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಿರಬೇಕು. ನಮಗೆ ಗೊತ್ತಾದದ್ದು ಗೊರಕೆಯ ಸದ್ದಿನಿಂದ.

ಭಾವ ಅರ್ಧ ಮಾತಿಗೆ ನಿಂತರು. ಗೊರಕೆ ಮತ್ತೆ ಬಂತು, ನಿಧಾನವಾಗಿ, ಗಟ್ಟಿಯಾಗಿ, ಯಾರ ಹಂಗೂ ಇಲ್ಲದೆ. ಹೊರಗೆ ಮೈಕಿನಲ್ಲಿ ಬಕೀಟು ಮಾರುವವನು ಕೂಗುತ್ತಿದ್ದ. ಅವನ ಕೂಗು ಅವಳ ನಿದ್ದೆಯ ಅಂಚನ್ನೂ ಮುಟ್ಟಲಿಲ್ಲ.

"ಜಾನಕೀ!" ಎಂದು ಭಾವ ಗಾಬರಿಯಿಂದ ಮುಂದೆ ಹೋದರು. ಫಿರ್ದೋಸ್ ಅಡ್ಡ ಬಂದಳು.

"ಎಬ್ಬಿಸಬ್ಯಾಡ್ರಿ ಸರ್. ಇಂಥಾ ನಿದ್ದಿ ಎಬ್ಬಿಸಿದ್ರ ಪಾಪ ಹತ್ತತದ."

ಅಷ್ಟರಲ್ಲಿ ತಲೆದಿಂಬು ಕೊಳ್ಳಲು ಕೊಡ್ಲಿ ಎಂಬ ಊರಿನ ರೈತ ಜಗದೇವಪ್ಪ ಅನ್ನುವವರು ಒಳಗೆ ಬಂದರು. ಮಂಚದ ಮೇಲೆ ಮುಖ ಮುಚ್ಚಿಕೊಂಡು ಬಿದ್ದ ಹೆಂಗಸು, ಪಕ್ಕದಲ್ಲಿ ಬಾಯಿ ಬಿಟ್ಟು ನಿಂತ ಮುದುಕ. ಅವರಿಗೆ ಕಂಡದ್ದು ಅಷ್ಟು.

"ಅಯ್ಯಯ್ಯೋ, ಬಾಯಾರಿಗೆ ಚಕ್ಕರ್ ಬಂದದ! ನೀರ್ ತರ್ರಿ! ಯಾರರ ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡೀರಿ!"

ಸಂತೆಯಲ್ಲಿ ಇಷ್ಟು ಸಾಕು. ಬಾಗಿಲ ತುಂಬ ಮಂದಿ ಸೇರಿದರು. ಒಬ್ಬ ನಿಜಕ್ಕೂ ಉಳ್ಳಾಗಡ್ಡಿ ತಂದ. ಜಗದೇವಪ್ಪ ನೀರಿನ ಬಾಟ್ಲಿಯ ಮುಚ್ಚಳ ತೆಗೆದು ಕೈಯಲ್ಲಿ ನೀರು ಸುರಿದುಕೊಂಡು ಬಂದರು. ಆಗ ಭಾವ, ನಾನು ಅವರಿಂದ ಎಂದೂ ನಿರೀಕ್ಷಿಸದಿದ್ದ ಒಂದು ಕೆಲಸ ಮಾಡಿದರು. ಎರಡೂ ಕೈ ಚಾಚಿ ಅಕ್ಕನಿಗೆ ಅಡ್ಡ ನಿಂತರು.

"ಏನೂ ಆಗಿಲ್ಲ," ಅಂದರು, ಬಹಳ ಸಣ್ಣ ದನಿಯಲ್ಲಿ. "ಮಲಗ್ಯಾಳ."

ಜಗದೇವಪ್ಪ ಕೈಯಲ್ಲಿದ್ದ ನೀರನ್ನು ನೆಲಕ್ಕೆ ಬಿಟ್ಟರು. ಅಕ್ಕನನ್ನು ನೋಡಿದರು, ಭಾವನ ಒಗೆದ ಪಂಚೆ, ಜರಿ ಶಲ್ಯ, ಹಣೆಯ ಅಂಗಾರ ಅಕ್ಷತೆ ನೋಡಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ, ಮರುಕವೇ ಇತ್ತು.

"ಯಾಕ್ರಿ ರಾಯರ, ಮನ್ಯಾಗ ಮಲಗಾಕ ಜಾಗ ಇಲ್ಲೇನ್ರಿ?"

ಜೀವನವಿಡೀ ಬೇರೆಯವರಿಗೆ ಪ್ರಶ್ನೆ ಕೇಳಿದ ರಘೂತ್ತಮರಾಯರು ಪಾಠ ಬಾರದ ಹುಡುಗನ ಹಾಗೆ ನನ್ನ ಮುಖ ನೋಡಿದರು. ನಾನು ಹೇಳಿಕೊಡಲಿಲ್ಲ. ಮಂದಿ ಕರಗಿದರು. ಜಗದೇವಪ್ಪ ಎರಡು ತಲೆದಿಂಬು ಕೊಂಡು, ಚಪ್ಪಲಿ ಸದ್ದಾಗದಂತೆ ಕಾಲೆತ್ತಿಟ್ಟು ಹೊರಗೆ ಹೋದರು.

ಭಾವ ಗೋಡೆಗೆ ಒರಗಿ ನಿಂತರು. ಯಾರಾದರೂ ಬಾಗಿಲಲ್ಲಿ ಮಾತಾಡಿದರೆ ತುಟಿಗೆ ಬೆರಳಿಟ್ಟು "ಶ್" ಅನ್ನುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಹಣಮಂತಾ, ಆಕಿ ಗೊರಕಿ ಹೊಡಿತಾಳಂತ ನಿನಗ ಗೊತ್ತಿತ್ತೇನೋ?"

"ಗೊತ್ತಿತ್ತು ಭಾವಾ. ತವರುಮನ್ಯಾಗಿದ್ದಾಗ ದಿನಾ ಹೊಡೀತಿದ್ಲು. ನಾವೆಲ್ಲಾ ಚಾಷ್ಟಿ ಮಾಡ್ತಿದ್ವಿ."

"ನಮ್ಮ ಮನ್ಯಾಗ ನಾ ಒಮ್ಮೆನೂ ಕೇಳಿಲ್ಲಲ್ಲೋ."

"ನಿಮ್ಮ ಮನ್ಯಾಗ ಆಕಿ ಮಲಗಿದ್ದರ ಕೇಳಸ್ತಿತ್ತು."

ಮಾತು ಕಠಿಣವಾಯಿತು, ಗೊತ್ತು. ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರ ಮುಖ ಸಣ್ಣದಾಯಿತು. ನನಗೆ ಸ್ವಲ್ಪ ಕನಿಕರವಾಯಿತು, ಸ್ವಲ್ಪ ಸಂತೋಷವೂ ಆಯಿತು.

ಬಿಸಿಲು ಇಳಿದು ಸಂತೆ ಚದುರುವ ಹೊತ್ತಿಗೆ ಅಕ್ಕ ಎದ್ದಳು. ಎದ್ದವಳೇ ಸೆರಗು ಸರಿಪಡಿಸಿಕೊಂಡು, "ಅಯ್ಯ, ಭಾಳ ಹೊತ್ತಾತೇನು? ಎಂಥಾ ಕೆಲಸ ಆತು, ಮಂದಿ ಏನಂದ್ರೋ!" ಎಂದು ನಾಚಿ ಕೆಂಪಾದಳು. ಫಿರ್ದೋಸ್ ಅವಳಿಗೆ ನೀರು ಕೊಟ್ಟು ಕೇಳಿದಳು: "ಹೆಂಗದರಿ ಅಮ್ಮಾ ಗಾದಿ?"

"ಗಾದಿ ಹೆಂಗದನೋ ಗೊತ್ತಿಲ್ಲವಾ. ನಿದ್ದಿ ಛಲೋ ಬಂತು."

ನಾವು ಊರೂರು ಅಲೆದು ಹುಡುಕಿದ್ದ ಉತ್ತರ ಇದು. ಭಾವ ಗಂಟಲು ಸರಿಮಾಡಿಕೊಂಡರು. ಅಭ್ಯಾಸ ಬಿಡುತ್ತದೆಯೇ? "ಅಲ್ಲ ಜಾನಕೀ, ಮಂದಿ ಮಲಗಿದ ಗಾದಿ ಅದು, ಮೈಲಿಗಿ..." ಎಂದು ರಾಗ ತೆಗೆದರು.

"ಮನಿಗೆ ಹೋಗಿ ಸ್ನಾನ ಮಾಡ್ತೀನಿ. ದಿನಾ ಮಾಡ್ತೀನಲ್ಲ, ಅದರಾಗೇನದ?"

ಇಷ್ಟು ಸುಲಭದ ಲೆಕ್ಕ ಗಣಿತದ ಮಾಸ್ತರರಿಗೆ ಹೊಳೆದಿರಲಿಲ್ಲ. ಅವರು ತಲೆ ಆಡಿಸಿ ಫಿರ್ದೋಸ್ ಕಡೆ ತಿರುಗಿದರು. "ಆತು, ಇಂಥಾದ್ದೇ ಹೊಸಾದೊಂದು ಕೊಡವಾ. ಡಬಲ್."

"ಸಿಂಗಲ್," ಅಂದಳು ಅಕ್ಕ.

"ಸಿಂಗಲ್? ಮತ್ತ ನಾನು?"

"ನಿಮಗ ಹಳೇದೇ ಭೇಷ್ ಅದ ಅಂತ ಊರೂರು ಹೇಳ್ಕೋತ ಬಂದೀರಲ್ಲ."

ಅವಳು ವ್ಯಂಗ್ಯ ಮಾಡಿದಳೆಂದು ನನಗೆ ಅನ್ನಿಸಲಿಲ್ಲ. ಗಂಡ ಹೇಳಿದ್ದನ್ನು ನಂಬುವ ಅಭ್ಯಾಸದ ಹೆಂಗಸು, ಇದನ್ನೂ ನಂಬಿದ್ದಳು. ಫಿರ್ದೋಸ್ ಮಾತ್ರ ಬೆನ್ನು ತಿರುಗಿಸಿ, ಭುಜ ಅಲುಗುವಂತೆ, ಹಗ್ಗ ಹುಡುಕತೊಡಗಿದಳು.

ಗಾದಿಯನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಸೇಡಂಗೆ ಬಂದೆವು. ಅವತ್ತು ನಾನು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ನಾನೂ ಭಾವನೂ ಹಳೆಯ ಗಾದಿಯನ್ನು ಮಡಚಿ ಅವರ ಮಗ್ಗುಲಿಗೆ ಸರಿಸಿ, ಹೊಸದನ್ನು ಅಕ್ಕನ ಕಡೆ, ಸರಿಯಾಗಿ ಆ ಸಂದಿನ ಮೇಲೆ ಹಾಕಿದೆವು. ಹಾಕುವಾಗ ಭಾವನ ಕೈ ಮೇಲೆದ್ದ ಆ ಕಲ್ಲಿನ ಅಂಚಿಗೆ ತಾಗಿತು. ಬೆರಳಾಡಿಸಿ ನೋಡಿದರು. ಆಯಿತು, ಮನುಷ್ಯ ಬದಲಾದ ಅಂದುಕೊಂಡೆ. ಊಟವಾದ ಮೇಲೆ ಅಕ್ಕ ಗಾದಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಲು ಹೋದಳು. ಆಗ ಅವರ ಬಾಯಿ ತೆರೆಯಿತು.

"ಏ, ಪ್ಲಾಸ್ಟಿಕ್ ಇರಲಿ! ಅದು ಬಟ್ಟಿ ಅಲ್ಲ, ಮೈಲಿಗಿನೂ ಆಗೂದಿಲ್ಲ, ಧೂಳೂ ಕೂಡೂದಿಲ್ಲ. ಮ್ಯಾಲ ಒಂದು ಚಾದರ ಹಾಸ್ಕೊ. ಗಾದಿ ಬಾಳಿಕಿ ಬರ್ತದ."

ಸೇಡಂನ ಬೇಸಿಗೆಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಮಲಗುವುದೆಂದರೆ ಕಾದ ಹೆಂಚಿನ ಮೇಲೆ ಮಲಗಿದ ಹಾಗೆ. ಅಕ್ಕ ಅಡುಗೆಮನೆಗೆ ಹೋಗಿ ಈಳಿಗೆ ಮಣೆ ತಂದಳು. ಗಾದಿಯ ಮೂಲೆಯ ಪ್ಲಾಸ್ಟಿಕ್ಕನ್ನು ಅದರ ಬಾಯಿಗೆ ಕೊಟ್ಟು ಕಚ್ಚು ಮಾಡಿ, ಎರಡೂ ಕೈಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಪರ್ರನೆ ಹರಿದಳು. ಹರಿದದ್ದನ್ನು ಉಂಡೆ ಮಾಡಿ ಗಂಡನ ಕೈಗೆ ಕೊಟ್ಟಳು.

"ಗಾದಿ ಬಾಳಿಕಿ ಬರೂದು ಸಾಕ್ರಿ. ಇನ್ನ ನಾ ಬಾಳಿಕಿ ಬರಬೇಕು."

ಇಷ್ಟು ಹೇಳಿ ಒಳಗಿನಿಂದ ಅಗಳಿ ಹಾಕಿಕೊಂಡಳು. ನಾವಿಬ್ಬರೂ ಪಡಸಾಲೆಯಲ್ಲಿ, ಬಾಳಿಕೆ ಬಂದ ಸಿಮೆಂಟಿನ ಕಟ್ಟೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲಾಚೆಯಿಂದ ಗೊರಕೆ ಕೇಳಿಸಿತು. ಭಾವ ಪ್ಲಾಸ್ಟಿಕ್ಕನ್ನು ಮೊಣಕಾಲ ಮೇಲೆ ಹರವಿ ಮಡಚುತ್ತ ಅದನ್ನು ಕೇಳಿದರು. ಚಹಾದ ಹೊತ್ತಾಯಿತು. ಹೊತ್ತು ಮೀರಿತು. ಅವರು ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಒಳಗೆ ಸಾಲಾಗಿ ಕೂತ ಗಟ್ಟಿಮುಟ್ಟಾದ ಡಬ್ಬಿಗಳನ್ನೆಲ್ಲ ನೋಡಿ, ವಾಪಸು ಬಂದು ಪಿಸುಗುಟ್ಟಿದರು.

"ಹಣಮಂತಾ, ನಮ್ಮ ಮನ್ಯಾಗ ಚಹಾಪುಡಿ ಎಲ್ಲಿರ್ತದೋ?"

ನನಗೂ ಗೊತ್ತಿರಲಿಲ್ಲ. ಎಬ್ಬಿಸಿ ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕತ್ತಲಾಗುವವರೆಗೆ ಚಹಾ ಇಲ್ಲದೆ ಕೂತಿದ್ದೆವು.